ಬಯಲು ಎಂಬ ಮಾತೂ ಚೀನೀಯರ ಒಂದು ಅಕ್ಷರವೂ

(ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ಭಾರತೀನಗರದಲ್ಲಿ ಮಾಡಿದ ಉಪನ್ಯಾಸ)

 

ಇಂದಿನ ಉಪನ್ಯಾಸದ ವಿಷಯವನ್ನು ಆಮಂತ್ರಣಪತ್ರಿಕೆಯಲ್ಲಿ ನೋಡಿ ನಿಮ್ಮಲ್ಲಿ ಕೆಲವರು ನಕ್ಕಿರಲೂಬಹುದು. ಮಠದ ಮಹೋತ್ಸವಕ್ಕೂ ಚೀನೀಯರ ಅಕ್ಷರಕ್ಕೂ ಏನು ಸಂಬಂಧ ಎಂದು ಕಾರ್ಯಕರ್ತರೊಬ್ಬರು ನನ್ನನ್ನು ಕೇಳಿಯೂ ಕೇಳಿದರು. ಸಂಬಂಧವೇನೋ ಉಂಟು. ಆದರೆ ಅದು ಪಾಂಡಿತ್ಯದಿಂದ ಹುಟ್ಟಿದುದಲ್ಲ. ಒಬ್ಬ ತಾಯಿಯ ಪ್ರಶ್ನೆಗೆ ನಾನು ಉತ್ತರ ಕೊಡಲಾರದೆ ಹೋದುದರಿಂದ ಹುಟ್ಟಿದುದು. ಆದುದರಿಂದ ಮೊದಲು ಆ ಸಂಗತಿಯನ್ನು ಅರಿಕೆಮಾಡಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಇಲ್ಲಿಗೆ ಸಮೀಪದ ಒಂದು ಹಳ್ಳಿಯಲ್ಲಿ ನನಗೆ ಬಹುಕಾಲದಿಂದ ಪರಿಚಿತರಾಗಿದ್ದ ಹಿರಿಯರೊಬ್ಬರು ಲಿಂಗೈಕ್ಯರಾದರು. ಅವರ ಸ್ವಂತ ಗದ್ದೆಯ ಅಂಚಿನಲ್ಲಿಯೇ ಗುಣಿ ತೆಗೆದು ಕ್ರಿಯಾಸಮಾಧಿ ಮಾಡಿದರು. ವಿಭೂತಿ, ಬಿಲ್ವಪತ್ರೆಗಳೊಡನೆ ಎಲ್ಲವೂ ಸಂಪ್ರದಾಯದಂತೆ ನೆರವೇರಿತು. ಬಂದವರೆಲ್ಲರೂ "ಪುಣ್ಯವಂತರು, ಬಯಲಾದರು" ಎಂದು ಸಮಾಧಾನ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಮೂರನೆಯ ದಿನ ನಾನು ಮತ್ತೆ ಹೋದಾಗ ಆ ಹಿರಿಯರ ಧರ್ಮಪತ್ನಿ ಜಗುಲಿಯ ಮೇಲೆ ಕುಳಿತಿದ್ದವರು ನನ್ನನ್ನು ಕರೆದು, "ಎಲ್ರೂ ಬಯಲಾದ್ರು ಬಯಲಾದ್ರು ಅಂತೀರಲ್ಲ ಮೇಷ್ಟ್ರೇ, ಹಂಗಂದ್ರೆ ಏನೂ ಉಳೀನಿಲ್ವಾ?" ಎಂದು ಕೇಳಿದರು.

ಮೂವತ್ತು ವರ್ಷಕಾಲ ಕನ್ನಡವನ್ನು ಪಾಠಹೇಳಿದವನು ನಾನು. ಬಯಲೆಂದರೆ ಶೂನ್ಯ, ಶೂನ್ಯವೆಂದರೆ ಪರವಸ್ತು ಎಂದು ತರಗತಿಯಲ್ಲಿ ಎಷ್ಟು ಸಲ ಬರೆಸಿದ್ದೆನೋ ಲೆಕ್ಕವಿಲ್ಲ. ಆ ತಾಯಿಯ ಎದುರಿಗೆ ಆ ಮಾತು ಬಾಯಿಗೆ ಬಂದಿತು, ಆದರೆ ಹೊರಡಲಿಲ್ಲ. ಒಂದು ಮಾತಿನ ಬದಲಿಗೆ ಇನ್ನೊಂದು ಮಾತನ್ನು ಇಟ್ಟರೆ ಅದು ಅರ್ಥ ಹೇಳಿದಂತಾಗುವುದಿಲ್ಲವೆಂದು ನನಗೆ ಆ ಹೊತ್ತಿನಲ್ಲಿ ಹೊಳೆಯಿತು. ಸುಮ್ಮನೆ ತಲೆತಗ್ಗಿಸಿ ಬಂದುಬಿಟ್ಟೆ.

ಮನೆಗೆ ಬಂದು ಕೋಶಗಳನ್ನು ತೆರೆದೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಪಂಡಿತರ ಕೋಶದಿಂದ ಹಿಡಿದು ನನಗೆ ಸಿಕ್ಕುವಷ್ಟನ್ನೂ ನೋಡಿದೆ. ಅರ್ಥಗಳು ಸಿಕ್ಕಿದುವು, ಉತ್ತರ ಸಿಕ್ಕಲಿಲ್ಲ. ಹೀಗಿರುವಾಗ ಉದ್ಯೋಗನಿಮಿತ್ತವಾಗಿ ಚೀನಾದೇಶದಲ್ಲಿ ಕೆಲಕಾಲವಿದ್ದು ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮಾತು ಶೂನ್ಯದ ಕಡೆಗೆ ತಿರುಗಲು, "ಅಲ್ಲಿಯವರು ಇದಕ್ಕೆ ಒಂದೇ ಅಕ್ಷರವನ್ನು ಬರೆಯುತ್ತಾರೆ, ಸಾರ್" ಎಂದು ಹೇಳಿ ಕಾಗದದ ಮೇಲೆ ಬರೆದು ತೋರಿಸಿದ. ಆ ಅಕ್ಷರವನ್ನು ಬೆನ್ನುಹತ್ತಿ ಹೋಗಿ, ಸುತ್ತುದಾರಿಯಿಂದ ನಾನು ಮತ್ತೆ ನಮ್ಮ ಗದ್ದೆಯ ಬದುವಿಗೇ ಬಂದು ನಿಂತೆನು. ಆ ಪ್ರಯಾಣವನ್ನು ತಮ್ಮ ಮುಂದೆ ನಿವೇದಿಸುವುದೇ ಇಂದಿನ ಕೆಲಸ.

ಈ ಅಕ್ಷರವನ್ನು ಕರಿಯ ಹಲಗೆಯ ಮೇಲೆ ಬರೆದಿದ್ದೇನೆ. ಹಿಂದೆ ಕುಳಿತವರಿಗೆ ಕಾಣದಿರಬಹುದಾದುದರಿಂದ ಮಾತಿನಲ್ಲಿಯೂ ಹೇಳುತ್ತೇನೆ. ಒಟ್ಟು ಎಂಟು ಗೀಟುಗಳು. ಮೇಲೆ ಒಂದು ಚುಕ್ಕೆ. ಅದರ ಕೆಳಗೆ ಇಕ್ಕೆಲಗಳಲ್ಲಿ ಸ್ವಲ್ಪ ಇಳಿಬಿದ್ದ ಸೂರು. ಸೂರಿನ ಅಡಿಯಲ್ಲಿ ಅತ್ತಿತ್ತ ಚಾಚಿದ ಎರಡು ಕಾಲುಗಳು. ಇಷ್ಟು ಸೇರಿದರೆ ಗವಿ, ಬಿಲ, ರಂಧ್ರ ಎಂಬ ಅರ್ಥದ ಭಾಗವಾಯಿತು. ಅದರ ಕೆಳಗೆ ಎರಡು ಅಡ್ಡಗೀಟುಗಳು, ಅವುಗಳ ನಡುವೆ ಒಂದು ಕಂಬ. ಈ ಕೆಳಭಾಗವೇ ಬೇರೆಯಾಗಿ ನಿಂತರೆ ಕೆಲಸ, ಕುಶಲಕರ್ಮ ಎಂಬ ಅರ್ಥವುಳ್ಳ ಅಕ್ಷರವಾಗುವುದು. ಬಡಗಿಯ ಉಪಕರಣವೊಂದರ ಚಿತ್ರವೇ ಅದರ ಮೂಲವೆಂದು ಹಲವರು ಹೇಳುತ್ತಾರೆ. ಪೂರ್ಣಾಕ್ಷರದ ಉಚ್ಚಾರಣೆ 'ಖುಂಗ್' ಎಂದು. ಕೆಳಭಾಗದ್ದು 'ಕುಂಗ್' ಎಂದು. ಒಂದು ಮಹಾಪ್ರಾಣ, ಇನ್ನೊಂದು ಅಲ್ಪಪ್ರಾಣ. ಈ ಭೇದವು ಕನ್ನಡಿಗರಾದ ನಮಗೆ ಸುಲಭವಾಗಿ ಕಿವಿಗೆ ಸಿಕ್ಕುತ್ತದೆ. ಖುಂಗ್ ಎಂದರೆ ಬರಿದು, ಪೊಳ್ಳು, ಆಕಾಶ, ಶೂನ್ಯ. ಅದನ್ನೇ ಸ್ವರವನ್ನು ಇಳಿಸಿ ಹೇಳಿದರೆ ಬಿಡುವು, ಬರೆಯದೆ ಬಿಟ್ಟ ಜಾಗ ಎಂಬ ಅರ್ಥಗಳೂ ಬರುವುವು.

ಗವಿ ಮತ್ತು ಕೆಲಸ! ಇದನ್ನು ನೋಡಿದ ಕೂಡಲೆ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಕೆಲಸವಿಲ್ಲದೆ ಶೂನ್ಯವಿಲ್ಲ, ಕಾಯಕದ ಮೇಲೆಯೇ ಶೂನ್ಯವು ನಿಂತಿದೆ, ನಮ್ಮ ಶರಣರ ಮಾತನ್ನೇ ಚೀನೀಯರು ಚಿತ್ರದಲ್ಲಿ ಬರೆದಿದ್ದಾರೆ ಎಂದು ಉಪನ್ಯಾಸವನ್ನೇ ಮನಸ್ಸಿನಲ್ಲಿ ಕಟ್ಟಿಬಿಟ್ಟೆನು. ಎರಡು ದಿನ ಕಳೆದ ಮೇಲೆ ತಿಳಿಯಿತು, ಅದು ತಪ್ಪು ಎಂದು. ಕ್ರಿ. ಶ. ೧೦೦ರ ಸುಮಾರಿನಲ್ಲಿ ಷು ಷೆನ್ ಎಂಬ ಪಂಡಿತನು ಚೀನೀ ಅಕ್ಷರಗಳ ಕೋಶವೊಂದನ್ನು ರಚಿಸಿದನು. ಅವನು ಈ ಅಕ್ಷರಕ್ಕೆ ರಂಧ್ರವೆಂದು ಅರ್ಥಹೇಳಿ, ಮೇಲಿನ ಗವಿಯು ಅರ್ಥವನ್ನು ಸೂಚಿಸುವುದು, ಕೆಳಗಿನ 'ಕುಂಗ್' ಎಂಬುದು ಉಚ್ಚಾರಣೆಯನ್ನು ಸೂಚಿಸಲು ಇಟ್ಟದ್ದು ಎಂದು ಬರೆದಿಟ್ಟಿದ್ದಾನೆ. ಚೀನೀ ಅಕ್ಷರಗಳಲ್ಲಿ ಬಹುಪಾಲು ಹೀಗೆಯೇ, ಒಂದು ಅಂಗ ಅರ್ಥಕ್ಕೆ, ಒಂದು ಅಂಗ ನಾದಕ್ಕೆ. ಹಾಗೆಯೇ ಸಂಸ್ಕೃತದಲ್ಲಿ 'ಖ' ಎಂದರೆ ರಂಧ್ರ, ಆಕಾಶ, ಗಣಿತದಲ್ಲಿ ಸೊನ್ನೆ. ಖ, ಖುಂಗ್, ನಾದವೂ ಹೋಲುತ್ತದೆ, ಅರ್ಥವೂ ಹೋಲುತ್ತದೆ. ಆದರೂ ಇದು ಕಾಕತಾಳೀಯವೇ ಹೊರತು ರಕ್ತಸಂಬಂಧವಲ್ಲ. ನಾದಸಾಮ್ಯವನ್ನು ಹಿಡಿದು ದೇಶದೇಶಗಳನ್ನು ಗಂಟುಹಾಕುವ ಚಪಲ ನಮ್ಮಲ್ಲಿ ಹೆಚ್ಚು. ಅದಕ್ಕೆ ನಾನೂ ಬಲಿಯಾಗುವುದರಲ್ಲಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಚೀನೀಯರ ಪ್ರಾಚೀನ ಗ್ರಂಥಗಳಲ್ಲಿ ಈ ಅಕ್ಷರದ ಪ್ರಯೋಗ ಹೇಗಿದೆ ನೋಡೋಣ. ಆ ಕಾಲದಲ್ಲಿ ಇದಕ್ಕೆ ವೇದಾಂತದ ಭಾರವಿರಲಿಲ್ಲ. ಅವರ ಅತಿ ಪುರಾತನವಾದ ಕವಿತಾಸಂಗ್ರಹದಲ್ಲಿ ಬಿಳಿಯ ಕುದುರೆಯೊಂದು ನಿರ್ಜನವಾದ ಕಣಿವೆಯಲ್ಲಿರುವ ಸಂದರ್ಭದಲ್ಲಿ ಕಣಿವೆಗೆ ಈ ವಿಶೇಷಣ ಬಂದಿದೆ. ಕನ್‌ಫ್ಯೂಷಿಯಸನ ಸಂವಾದಗಳಲ್ಲಿ ಅವನ ಅತ್ಯಂತ ಪ್ರಿಯಶಿಷ್ಯನಾದ ಯೆನ್ ಹುಯಿ ಎಂಬುವನನ್ನು ಕುರಿತು ಗುರುವು ಆಡಿದ ಮೆಚ್ಚುಗೆಯ ಮಾತಿನಲ್ಲಿ ಈ ಅಕ್ಷರವಿದೆ. ಅವನು ಆಗಾಗ್ಗೆ 'ಖುಂಗ್' ಆಗಿರುತ್ತಾನೆ ಎಂಬುದಷ್ಟೇ ಅಲ್ಲಿ ಹೇಳಿರುವುದು. ಇದಕ್ಕೆ ವ್ಯಾಖ್ಯಾನಕಾರರು ಎರಡು ಪಕ್ಷವಾದರು. ಒಂದು ಪಕ್ಷದವರು ಅವನ ಮನೆಯ ಧಾನ್ಯದ ಪಾತ್ರೆ ಆಗಾಗ್ಗೆ ಬರಿದಾಗುತ್ತಿತ್ತು, ಕಡುಬಡವನಾಗಿಯೂ ಗುರುಮಾರ್ಗವನ್ನು ಬಿಡಲಿಲ್ಲ ಎಂದರು. ಇನ್ನೊಂದು ಪಕ್ಷದವರು ಅವನ ಮನಸ್ಸು ಬರಿದಾಗಿರುತ್ತಿತ್ತು, ಆದುದರಿಂದಲೇ ಗುರುಬೋಧೆಗೆ ಅಲ್ಲಿ ಸ್ಥಳವಿತ್ತು ಎಂದರು. ಬರಿದಾದುದು ಮಡಕೆಯೋ ಮನಸ್ಸೋ? ಎರಡು ಸಾವಿರ ವರ್ಷಗಳ ಚರ್ಚೆ. ನನ್ನ ಮತವನ್ನು ಕೇಳಿದರೆ ಮಡಕೆಯೇ ಸರಿ. ಏಕೆಂದರೆ ಅದರ ಮುಂದಿನ ಮಾತಿನಲ್ಲಿಯೇ ಗುರುವು ಹಣ ಕೂಡಿಸಿದ ಇನ್ನೊಬ್ಬ ಶಿಷ್ಯನನ್ನು ಇವನೊಡನೆ ಹೋಲಿಸುತ್ತಾನೆ.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ನನ್ನ ಸ್ಥಿತಿಗೆ ಅದು ಹತ್ತಿರವಾದುದರಿಂದ ಹೇಳುತ್ತೇನೆ. ತನ್ನಲ್ಲಿ ವಿಶೇಷ ಜ್ಞಾನವೇನೂ ಇಲ್ಲವೆಂದು ಗುರುವು ಹೇಳಿಕೊಂಡು, ಒಬ್ಬ ಹಳ್ಳಿಗನು ಬಂದು ಪ್ರಶ್ನೆ ಹಾಕಿದರೆ ಆ ಪ್ರಶ್ನೆಯ ಎರಡು ತುದಿಗಳನ್ನೂ ತಟ್ಟಿ ನೋಡಿ ಕೊನೆಯವರೆಗೆ ವಿಚಾರಿಸುವೆನೆನ್ನುತ್ತಾನೆ. ಅಲ್ಲಿ ನಡುವೆ ಈ ಅಕ್ಷರವು ಇಮ್ಮಡಿಸಿ ಬಂದಿದೆ. ಬರಿದಾಗಿದ್ದುದು ಹಳ್ಳಿಗನ ಬುದ್ಧಿಯೋ ಗುರುವಿನ ಬುದ್ಧಿಯೋ ಎಂದು ಅಲ್ಲಿಯೂ ವಿವಾದ. ನಮ್ಮ ಹಳ್ಳಿಯ ಆ ತಾಯಿಯ ಎದುರಿಗೆ ಬರಿದಾಗಿದ್ದುದು ಯಾರ ಬುದ್ಧಿಯೆಂಬುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ.

ಇನ್ನೊಂದು ಪ್ರಯೋಗವು ನಾಲೆಯ ನೀರನ್ನು ಉಣ್ಣುವ ನಮ್ಮಂಥವರಿಗೆ ಸ್ವಾರಸ್ಯವಾದುದು. ಪ್ರಾಚೀನ ಚೀನಾದಲ್ಲಿ 'ಸ್ಸೂಖುಂಗ್' ಎಂಬ ಒಂದು ಮಂತ್ರಿಪದವಿಯಿತ್ತು. ನೆಲ, ನೀರು, ಕಟ್ಟಡ ಮುಂತಾದ ಸಾರ್ವಜನಿಕ ಕಾಮಗಾರಿಗಳೆಲ್ಲ ಆ ಮಂತ್ರಿಯ ವಶದಲ್ಲಿ. ಮಹಾಪ್ರವಾಹವನ್ನು ಕಾಲುವೆಗಳಿಂದ ಹೊರಸಾಗಿಸಿ ದೇಶವನ್ನು ಉಳಿಸಿದನೆಂದು ಅವರ ಪುರಾಣಗಳು ಕೊಂಡಾಡುವ ಯೂ ಎಂಬ ಅರಸನು ಮೊದಲು ಈ ಪದವಿಯಲ್ಲಿದ್ದನೆಂದು ಅವರ ಇತಿಹಾಸಗ್ರಂಥ ಹೇಳುತ್ತದೆ. ಆ ಪದವಿಯ ಹೆಸರಿನಲ್ಲಿ ಶೂನ್ಯದ ಅಕ್ಷರವೇಕೆ? ನೆಲವನ್ನು ತೋಡುವುದರಿಂದ ಎಂದು ಕೆಲವು ವ್ಯಾಖ್ಯಾನಕಾರರು. ಆದರೆ ಹಳೆಯ ಕಂಚಿನ ಪಾತ್ರೆಗಳ ಮೇಲಣ ಲಿಪಿಗಳಲ್ಲಿ ಇದೇ ಪದವಿಯನ್ನು ಗವಿಯ ಸೂರಿಲ್ಲದೆ, ಬರಿಯ 'ಕುಂಗ್' ಎಂಬ ಕೆಲಸದ ಅಕ್ಷರದಿಂದ ಬರೆದಿರುವುದುಂಟು. ಹೀಗೆ ನಾನು ಹಿಂದಿನ ಬಾಗಿಲಿನಿಂದ ಹೊರಕ್ಕೆ ಕಳಿಸಿದ ಕಾಯಕವು ಮುಂದಿನ ಬಾಗಿಲಿನಿಂದ ಸ್ವಲ್ಪ ಒಳಕ್ಕೆ ಬಂದಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗಮಾಡಿ ಕಾವೇರಿಯ ನೀರನ್ನು ಈ ಸೀಮೆಗೆ ತಂದ ಕಾರ್ಮಿಕರನ್ನು ನೆನೆದಾಗ, ಗವಿಯ ಕೆಳಗೆ ಕೆಲಸವನ್ನಿಟ್ಟ ಆ ಅಕ್ಷರವು ನನಗೆ ಬೇರೊಂದು ರೀತಿಯಿಂದ ಸಾರ್ಥಕವಾಗಿ ಕಂಡಿತು. ಅದು ಶಬ್ದಶಾಸ್ತ್ರವಲ್ಲ, ನನ್ನ ಭಾವನೆ ಅಷ್ಟೆ.

ನಮ್ಮ ದೇಶದ ಬೌದ್ಧಗ್ರಂಥಗಳು ಚೀನಾಕ್ಕೆ ಹೋದಾಗ ಈ ಅಕ್ಷರಕ್ಕೆ ಎರಡನೆಯ ಜನ್ಮವಾಯಿತು. 'ಶೂನ್ಯ' ಎಂಬ ಮಾತಿಗೆ ಯಾವ ಅಕ್ಷರವನ್ನಿಡುವುದು ಎಂಬುದು ಅಲ್ಲಿನ ಭಾಷಾಂತರಕಾರರಿಗೆ ಸಾಮಾನ್ಯವಾದ ಕಷ್ಟವಾಗಿರಲಿಲ್ಲ. ಮೊದಮೊದಲು ಹಲವರು ಆ ದೇಶದ ತತ್ತ್ವಜ್ಞರಲ್ಲಿ ಬಳಕೆಯಲ್ಲಿದ್ದ 'ವೂ' ಎಂಬ ಅಕ್ಷರದ ನೆರವಿನಿಂದ ಅರ್ಥಹೇಳಿದರು. 'ವೂ' ಎಂದರೆ ಇಲ್ಲ, ಅಭಾವ. ಇದರಿಂದ ಎಲ್ಲದರ ಮೂಲವೂ 'ಇಲ್ಲ'ವೇ ಎಂದು ವಾದಿಸುವ ಒಂದು ಪಂಥವೂ ಹುಟ್ಟಿತು. ೫ನೆಯ ಶತಮಾನದ ಆರಂಭದಲ್ಲಿ ಕುಮಾರಜೀವನೆಂಬ ಮಹಾಪಂಡಿತನು, ತಂದೆಯ ಕಡೆಯಿಂದ ಭಾರತೀಯನು, ಚಾಂಗಾನ್ ನಗರದಲ್ಲಿ ನೆಲಸಿ ನಾಗಾರ್ಜುನನ ಗ್ರಂಥವನ್ನೂ ಅನೇಕ ಸೂತ್ರಗಳನ್ನೂ ಭಾಷಾಂತರಿಸಿದನು. ಅವನ ಶಿಷ್ಯ ಸೆಂಗ್ ಚಾವ್ ಎಂಬುವನು ಕ್ರಿ. ಶ. ೪೧೪ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಶೂನ್ಯವೆಂದರೆ 'ಇಲ್ಲ' ಎಂದಲ್ಲ, ಇದ್ದೂ ತನಗೆ ತಾನೇ ಆಧಾರವಾಗಿಲ್ಲದಿರುವುದು ಎಂದು ಪ್ರಬಂಧ ಬರೆದು ಹಿಂದಿನವರ ಪಕ್ಷವನ್ನು ಅವನು ಖಂಡಿಸಿದನು. ನೋಡಿ, ನಮ್ಮ ಹಳ್ಳಿಯ ಜಗುಲಿಯ ಮೇಲೆ ಎದ್ದ ಪ್ರಶ್ನೆಯೇ ಚಾಂಗಾನಿನ ವಿಹಾರದಲ್ಲಿಯೂ ಎದ್ದಿತ್ತು: ಇದು 'ಇಲ್ಲ' ಎಂಬುದೋ, 'ಬರಿದು' ಎಂಬುದೋ?

ಅಂದಿನಿಂದ ಶೂನ್ಯಕ್ಕೆ ಖುಂಗ್ ಎಂಬುದೇ ಸ್ಥಿರವಾಯಿತು. ೭ನೆಯ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯದಲ್ಲಿಯೂ ಸಂಚರಿಸಿ, ಅವನ ಪ್ರಜೆಗಳ ಮಾನಧನತ್ವವನ್ನು ಹೊಗಳಿ ಬರೆದ ಹ್ಯುಯೆನ್ ತ್ಸಾಂಗನು ೬೪೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಉಳಿದ ಆಯುಷ್ಯವನ್ನೆಲ್ಲ ಭಾಷಾಂತರಕ್ಕೆ ಮುಡಿಪಿಟ್ಟನು. ಅವನ ಹೆಸರಿನಲ್ಲಿ ಪ್ರಚಾರದಲ್ಲಿರುವ ಹೃದಯಸೂತ್ರದ ಅನುವಾದವು ೨೬೦ ಅಕ್ಷರಗಳಷ್ಟು ಚಿಕ್ಕದು. ಅದರಲ್ಲಿ ಖುಂಗ್ ೭ ಬಾರಿ ಬರುತ್ತದೆ. ಚೀನಾ ಜಪಾನುಗಳ ವಿಹಾರಗಳಲ್ಲಿ ಇಂದಿಗೂ ಅದರ ನಿತ್ಯಪಾರಾಯಣವುಂಟು. ಅವನ ಯಾತ್ರೆಯನ್ನೇ ಕಥೆಮಾಡಿ ೧೬ನೆಯ ಶತಮಾನದಲ್ಲಿ ಬರೆದ ದೊಡ್ಡ ಕಾದಂಬರಿಯಲ್ಲಿ ಯಾತ್ರಿಕನಿಗೆ ಬೆಂಗಾವಲಾಗಿ ಹೋಗುವ ಮಹಾಬಲಶಾಲಿಯಾದ ಕಪಿಯೊಂದಿದೆ. ಆ ಕಪಿಯ ಹೆಸರು ವೂ-ಖುಂಗ್, ಎಂದರೆ ಶೂನ್ಯವನ್ನು ಅರಿತವನು. ಇಲ್ಲಿಯ 'ವೂ' ಅರಿವನ್ನು ಹೇಳುವ ಬೇರೆ ಅಕ್ಷರ; ಹಿಂದೆ ಹೇಳಿದ 'ಇಲ್ಲ' ಎಂಬುದಲ್ಲ. ನಮ್ಮ ಮಕ್ಕಳಿಗೆ ಹನುಮಂತನು ಎಷ್ಟು ಪ್ರಿಯನೋ ಅಲ್ಲಿನ ಮಕ್ಕಳಿಗೆ ಇವನು ಅಷ್ಟು ಪ್ರಿಯನು.

ಲೆಕ್ಕದ ವಿಷಯವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನನಗೆ ಮೊದಲು ಬೆಳಕು ಕಂಡದ್ದು ಅಲ್ಲಿ. ಟಾಂಗ್ ಅರಸರ ಆಸ್ಥಾನದಲ್ಲಿ ಗೌತಮಸಿದ್ಧನೆಂಬ ಭಾರತೀಯ ಮೂಲದ ಜ್ಯೋತಿಷಿಯಿದ್ದನು. ೭೧೮ರಲ್ಲಿ ಅವನು ನಮ್ಮ ನವಗ್ರಹಗಣಿತವನ್ನು ಚೀನೀಭಾಷೆಗೆ ತಂದಾಗ ನಮ್ಮ ಅಂಕಿಗಳನ್ನೂ ವಿವರಿಸಿದನು. ಒಂಬತ್ತಾದ ಮೇಲೆ ಹತ್ತಕ್ಕೆ ಮುಂದಿನ ಸ್ಥಾನಕ್ಕೆ ಹೋಗಬೇಕು. ಖುಂಗ್ ಆದ ಸ್ಥಾನದಲ್ಲೆಲ್ಲ ಒಂದು ಚುಕ್ಕೆಯನ್ನಿಡಬೇಕು ಎಂಬುದು ಅಲ್ಲಿಯ ವಿಧಿ. ಆ ಚುಕ್ಕೆಯು ಏನನ್ನೂ ಎಣಿಸುವುದಿಲ್ಲ. ಆದರೆ ಅದನ್ನು ಅಳಿಸಿದರೆ ನೂರೈದು ಹದಿನೈದಾಗುತ್ತದೆ. ಏನೂ ಇಲ್ಲದ ಜಾಗಕ್ಕೂ ಒಂದು ಜಾಗವಿದೆ ಎಂಬುದೇ ಸೊನ್ನೆಯ ಗುಟ್ಟು. ನಮ್ಮ ಗಣಿತಜ್ಞರು ಸೊನ್ನೆಗೆ ಖ, ಗಗನ, ಅಂಬರ, ವ್ಯೋಮ ಎಂದು ಆಕಾಶದ ಹೆಸರುಗಳನ್ನೇ ಇಟ್ಟರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ ನಮ್ಮ ಕನ್ನಡನಾಡಿನಲ್ಲಿಯೇ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಇದ್ದಂತೆಯೇ ಇರುವುದೆಂದು ಹೇಳಿದ್ದಾನೆ. ಅದು ಸರಿಯಲ್ಲವೆಂದು ಇಂದು ಶಾಲೆಯ ಹುಡುಗರೂ ಬಲ್ಲರು. ಅಂಥ ಮೇಧಾವಿಯೂ ಶೂನ್ಯದ ಎದುರಿಗೆ ಎಡವಿದನೆಂಬುದು ನನ್ನಂಥವರಿಗೆ ಒಂದು ಸಮಾಧಾನ.

ಜಪಾನೀಯರೂ ಇದೇ ಅಕ್ಷರವನ್ನು ಎರವಲು ಪಡೆದು ಆಕಾಶವೆಂಬರ್ಥದಲ್ಲಿ 'ಸೋರಾ' ಎಂದೂ, ಬರಿದೆಂಬರ್ಥದಲ್ಲಿ 'ಕಾರಾ' ಎಂದೂ, ಶೂನ್ಯತತ್ತ್ವದ ಅರ್ಥದಲ್ಲಿ 'ಕೂ' ಎಂದೂ ಓದುತ್ತಾರೆ. ನಮ್ಮ ಹುಡುಗರು ಶಾಲೆಗಳಲ್ಲಿ ಕಲಿಯುವ ಕರಾಟೆ ಎಂಬ ಹೆಸರಿನ ಮೊದಲ ಭಾಗ ಇದೇ. ಬರಿಗೈ ಎಂದು ಅದರರ್ಥ. ಹಿಂದೆ ಅದನ್ನು ಚೀನೀ ಕೈ ಎಂದು ಅರ್ಥವಾಗುವ ಬೇರೆ ಅಕ್ಷರದಿಂದ ಬರೆಯುತ್ತಿದ್ದರು. ಉಚ್ಚಾರಣೆ ಒಂದೇ ಆದುದರಿಂದ ೧೯೩೬ರಲ್ಲಿ ಓಕಿನಾವಾ ದ್ವೀಪದ ಗುರುಗಳು ಸಭೆಸೇರಿ ಶೂನ್ಯದ ಅಕ್ಷರವನ್ನೇ ಒಪ್ಪಿಕೊಂಡರು.

ಇಷ್ಟು ದೂರ ಹೋಗಿಬಂದು ನಾನು ಕಂಡುಕೊಂಡದ್ದೇನು? ಚೀನೀಯರು ರಂಧ್ರದಿಂದ ಹೊರಟು ಆಕಾಶಕ್ಕೆ, ಆಕಾಶದಿಂದ ಶೂನ್ಯಕ್ಕೆ ಹೋದರು. ಸಂಸ್ಕೃತದ 'ಖ' ಕೂಡ ರಂಧ್ರದಿಂದಲೇ ಹೊರಟಿತು. ಮಣ್ಣನ್ನು ತೆಗೆದರೆ ಉಳಿಯುವುದು ರಂಧ್ರ. ಅಲ್ಲಿ ಏನೋ ಇತ್ತು, ಈಗ ಇಲ್ಲ. ಆದರೆ ನಮ್ಮ ಕನ್ನಡದ ಮಾತು ಹೊರಟದ್ದು ರಂಧ್ರದಿಂದಲ್ಲ. ಅದು ಹೊರಟದ್ದು ಗದ್ದೆಯಿಂದ.

ಹಳಗನ್ನಡದ ಬಯಲ್ ಎಂಬುದು ದ್ರಾವಿಡಶಬ್ದ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಇದರ ಒಡಹುಟ್ಟುಗಳನ್ನು ಒಂದೆಡೆ ನೋಡಬಹುದು. ತಮಿಳು ಮಲೆಯಾಳಗಳಲ್ಲಿ 'ವಯಲ್' ಎಂದರೆ ಬತ್ತದ ಗದ್ದೆ. ವಯನಾಡೆಂಬ ಹೆಸರೂ 'ವಯಲ್ ನಾಡು' ಎಂಬುದರಿಂದಲೇ ಬಂದಿತೆಂದು ಒಂದು ಪಕ್ಷವುಂಟು. ತುಳುನಾಡಿನಲ್ಲಿ ಭೂಮಿಯನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸುತ್ತಾರೆ. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು, ನಡುವಣದು ಮಜಲು, ಎಲ್ಲಕ್ಕಿಂತ ತಗ್ಗಿನಲ್ಲಿದ್ದು ನೀರು ಆರದೆ, ವರ್ಷಕ್ಕೆ ಎರಡು ಮೂರು ಬೆಳೆ ಕೊಡುವ ನೆಲ ಬೈಲು. ತೆಲುಗಿನಲ್ಲಿಯೋ ಅರ್ಥವು ಹೊರಕ್ಕೆ ಹರಡಿದೆ. ಅಲ್ಲಿ 'ಬಯಲುದೇರು' ಎಂದರೆ ಮನೆಯಿಂದ ಹೊರಡುವುದು. ಕನ್ನಡವು ಎರಡರ ನಡುವೆ ನಿಂತು ಎರಡನ್ನೂ ಇಟ್ಟುಕೊಂಡಿತು. ಮಳೆ ಕಡಮೆಯಾದ ಬಯಲುಸೀಮೆಯೂ ಬಯಲೇ. ಕೆರೆಯ ಕೆಳಗಣ ಗದ್ದೆಯ ಬಯಲೂ ಬಯಲೇ.

ಇದರ ಅರ್ಥವನ್ನು ಈ ಊರಿನವರಿಗೆ ನಾನು ಹೇಳಬೇಕಾದುದಿಲ್ಲ. ಭಾರತೀನಗರವು ಕಾಳಮುದ್ದನದೊಡ್ಡಿಯಾಗಿದ್ದ ಕಾಲವನ್ನು ಬಲ್ಲ ಹಿರಿಯರು ಈ ಸಭೆಯಲ್ಲಿದ್ದಾರೆ. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ಇರ್ವಿನ್ ನಾಲೆಯೆಂದು ಕರೆಸಿಕೊಂಡು ಈಗ ವಿಶ್ವೇಶ್ವರಯ್ಯ ನಾಲೆಯಾಗಿರುವ ಕಾಲುವೆಯ ನೀರು ಬರುವುದಕ್ಕೆ ಮುಂಚೆ ಈ ಕಡೆಯ ಬಯಲೆಂದರೆ ಬಹುಮಟ್ಟಿಗೆ ರಾಗಿ ಹುರುಳಿಗಳ ಹೊಲ, ದನ ಮೇಯುವ ಬೀಳು. ನೀರು ಬಂದ ಮೇಲೆ ಬಯಲೆಂದರೆ ಬತ್ತ, ಕಬ್ಬು. ಒಂದೇ ಮಾತು, ಒಂದೇ ನೆಲ; ಎರಡು ತಲೆಮಾರಿನೊಳಗೆ ಬರಿದೂ ಆಗಿತ್ತು, ತುಂಬಿಯೂ ತುಳುಕಿತು. ಬಯಲು ಎಂಬ ಮಾತಿನಲ್ಲಿ ಖಾಲಿ ಎಂಬುದು ಮುಖ್ಯಾರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ?

ಹಾಗಾದರೆ ಮುಖ್ಯಾರ್ಥ ಯಾವುದು? ನಮ್ಮ ಬಳಕೆಯ ಮಾತುಗಳನ್ನು ನೋಡಿ. 'ಗುಟ್ಟು ಬಯಲಾಯಿತು' ಎನ್ನುತ್ತೇವೆ. ಕಾಣದಿದ್ದುದು ಕಾಣುವಂತಾಯಿತು ಎಂದರ್ಥ. 'ಶರಣರು ಬಯಲಾದರು' ಎನ್ನುತ್ತೇವೆ; ಕಾಣುತ್ತಿದ್ದುದು ಕಾಣದಂತಾಯಿತು ಎಂದರ್ಥ. ಒಂದೇ ಕ್ರಿಯಾಪದ, ಕಾಣಿಸಿಕೊಳ್ಳುವುದಕ್ಕೂ ಅದೇ, ಮರೆಯಾಗುವುದಕ್ಕೂ ಅದೇ! ಇಷ್ಟು ವರ್ಷ ಕನ್ನಡವನ್ನು ಕಲಿಸಿದ ನನಗೆ ಈ ವಿರೋಧವು ಎಂದೂ ಕಣ್ಣಿಗೆ ಬಿದ್ದಿರಲಿಲ್ಲ. ಬಯಲೆಂದರೆ 'ಏನೂ ಇಲ್ಲ' ಎಂದಿಟ್ಟುಕೊಂಡರೆ ಗುಟ್ಟು ಬಯಲಾಗುವುದಕ್ಕೆ ಅರ್ಥವೇ ಆಗುವುದಿಲ್ಲ. ಆದರೆ ಬಯಲೆಂದರೆ ಗೋಡೆಯಿಲ್ಲದ, ಮರೆಯಿಲ್ಲದ ನೆಲ ಎಂದಿಟ್ಟುಕೊಳ್ಳಿ. ಆಗ ಎರಡೂ ಮಾತುಗಳು ಕೂಡಿಕೊಳ್ಳುತ್ತವೆ. ಗೋಡೆ ಬಿದ್ದಾಗ ಒಳಗಿದ್ದ ಗುಟ್ಟು ಎಲ್ಲರಿಗೂ ಕಾಣುತ್ತದೆ. ಅದೇ ಗೋಡೆ ಬಿದ್ದಾಗ 'ಇದು ಮನೆ, ಅದು ಹೊರಗು' ಎಂಬ ಬೇರೆತನ ಕಾಣದಾಗುತ್ತದೆ. ಬಿದ್ದುದು ಗೋಡೆಯೊಂದೇ. ನೆಲವು ಎಲ್ಲಿಯೂ ಹೋಗಲಿಲ್ಲ.

ಶರಣರ ಪ್ರಯೋಗವು ಈ ಅರ್ಥಕ್ಕೆ ವಿರೋಧವಾಗಿದೆಯೆ, ಅನುಗುಣವಾಗಿದೆಯೆ ಎಂದು ಪರೀಕ್ಷಿಸಬೇಕಷ್ಟೆ. ಬೊಂತಾದೇವಿ ಎಂಬ ಶರಣೆಯ ಹೆಸರನ್ನು ತಾವು ಕೇಳಿರಬಹುದು. ಆಕೆಯ ವಚನಗಳು ದೊರೆತಿರುವುದು ಕೆಲವೇ. ಅವುಗಳಲ್ಲಿ ಒಂದು ಬಯಲನ್ನು ಕುರಿತದ್ದು. ಊರಿನ ಒಳಗಣ ಬಯಲು ಬೇರೆ, ಹೊರಗಣ ಬಯಲು ಬೇರೆ ಎಂದುಂಟೆ, ಬಯಲಿಗೂ ಮೇಲುಕುಲ ಕೀಳುಕುಲವುಂಟೆ ಎಂಬುದು ಅದರ ಪ್ರಶ್ನೆ. ಇಲ್ಲಿ ಬಯಲನ್ನು ಅಭಾವವೆಂದು ತಿಳಿದರೆ ವಚನದ ಕೆಚ್ಚೇ ಹೋಗುತ್ತದೆ. ಗೋಡೆಯು ಮನುಷ್ಯನು ಕಟ್ಟಿಕೊಂಡದ್ದು, ಬಯಲು ಅದಕ್ಕೆ ಮೊದಲೇ ಇದ್ದುದು ಎಂಬ ಅಭಿಪ್ರಾಯದಿಂದಲೇ ಆಕೆ ಕೇಳುತ್ತಾಳೆ. ಈ ಪ್ರಶ್ನೆಯನ್ನು ನಮ್ಮ ಹಳ್ಳಿಗಳ ಬೀದಿಗಳಲ್ಲಿ ಇಂದಿಗೂ ಕೇಳಬೇಕಾಗಿದೆಯೆಂಬುದನ್ನು, ಮಹೋತ್ಸವದ ಸಂತೋಷದಲ್ಲಿಯೂ, ನಾನು ಹೇಳದೆ ಬಿಡಲಾರೆ.

ಅಲ್ಲಮಪ್ರಭುವಿನ ವಚನಗಳಲ್ಲಂತೂ ಬಯಲು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ಪ್ರಭುವನ್ನು ನಡುವೆ ನ��ಲ್ಲಿಸಿ ರಚಿಸಿದ ಗ್ರಂಥಕ್ಕೆ ಶೂನ್ಯಸಂಪಾದನೆ ಎಂಬ ಹೆಸರು. ಮುಂದೆ ಇನ್ನು ಮೂವರು ಅದನ್ನು ಪರಿಷ್ಕರಿಸಿದರು. ಆ ಹೆಸರನ್ನೇ ನೋಡಿ. ಇಲ್ಲದುದನ್ನು ಯಾರಾದರೂ ಸಂಪಾದಿಸುವುದುಂಟೆ? ಸಂಪಾದಿಸಬಹುದಾದುದು ಎಂದ ಮೇಲೆ ಆ ಶೂನ್ಯವು ಅಭಾವವಾಗಿರಲಾರದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಯುಕ್ತ. ಬೌದ್ಧರ ಶೂನ್ಯವೂ ಶರಣರ ಶೂನ್ಯವೂ ಒಂದೇ ಎಂದು ಅವಸರದಿಂದ ಹೇಳಬಾರದು. ಯಾವ ವಸ್ತುವಿಗೂ ತನ್ನದೇ ಆದ ಸ್ವತಂತ್ರಸ್ವಭಾವವಿಲ್ಲವೆಂಬುದು ನಾಗಾರ್ಜುನನ ಮಾತು. ಶರಣರಾದರೋ ಶೂನ್ಯವನ್ನು ಪರಶಿವನ ನಿಲವಿಗೇ ಹೆಸರಾಗಿ ಇಟ್ಟರು. ಮಾತು ಒಂದಾದರೂ ಮನೆ ಬೇರೆ. ನಾನು ಹೋಲಿಸುತ್ತಿರುವುದು ಸಿದ್ಧಾಂತಗಳನ್ನಲ್ಲ, ಮಾತುಗಳು ನಡೆದುಬಂದ ದಾರಿಗಳನ್ನು.

ಈ ವಿಚಾರವನ್ನು ಒಬ್ಬ ಪಂಡಿತಮಿತ್ರರ ಮುಂದಿಟ್ಟಾಗ ಅವರು, "ಮಾತು ಎಲ್ಲಿ ಹುಟ್ಟಿತೆಂಬುದರಿಂದ ತತ್ತ್ವ ತೀರ್ಮಾನವಾಗುತ್ತದೆಯೆ? ಪ್ರಭುದೇವರು ಗದ್ದೆಯನ್ನು ನೆನೆದೇ ಬಯಲೆಂದರೆಂದು ಯಾರು ಹೇಳಬಲ್ಲರು? ಆಕಾಶವನ್ನು ನೆನೆದಿರಬಹುದಲ್ಲ" ಎಂದು ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪ. ಬಯಲಿಗೆ ಆಕಾಶವೆಂಬ ಅರ್ಥವೂ ಉಂಟು, ವಚನಗಳಲ್ಲಿ ಅದು ಬಂದೂ ಇದೆ. ಆದರೆ ಸಂಸ್ಕೃತದ ಶೂನ್ಯ, ಗಗನ, ವ್ಯೋಮ ಎಂಬ ಮಾತುಗಳೆಲ್ಲ ಅವರ ಕೈಗೆಟುಕುವಂತಿದ್ದುವು. ಅವುಗಳನ್ನು ಬಳಸಿಯೂ ಬಳಸಿದರು. ಆದರೂ ಕುಂಬಾರ, ಅಂಬಿಗ, ಒಕ್ಕಲಿಗರಾದಿಯಾಗಿ ಕೂಡಿದ ಆ ಗೋಷ್ಠಿಯಲ್ಲಿ ಕಾಲಿಗೆ ತಗಲುವ ಮಾತೊಂದನ್ನು ಆರಿಸಿಕೊಂಡರು. ಕೇಳುವವರ ಕಿವಿಯಲ್ಲಿ ಆ ಮಾತು ಗದ್ದೆಯ ಮಣ್ಣನ್ನು ಪೂರ್ತಿಯಾಗಿ ತೊಳೆದುಕೊಂಡು ಬಂದಿತೆಂದು ನನಗೆ ನಂಬಿಕೆಯಾಗುವುದಿಲ್ಲ. ಇಷ್ಟಕ್ಕಿಂತ ಹೆಚ್ಚನ್ನು ನಾನು ಸಾಧಿಸಹೊರಡುವುದಿಲ್ಲ.

ಈ ಎಲ್ಲವನ್ನೂ ಯೋಚಿಸಿಕೊಂಡು, ಸುಮಾರು ಒಂದು ವರ್ಷದ ಮೇಲೆ, ನಾನು ಮತ್ತೆ ಆ ತಾಯಿಯ ಹಳ್ಳಿಗೆ ಹೋದೆ. ಅವರು ಗದ್ದೆಯ ಹತ್ತಿರವೇ ಇದ್ದರು. ನಾಟಿಗೆ ಮುಂಚೆ ಮಡಿಗಳಿಗೆ ನೀರು ಕಟ್ಟಿದ್ದರು. ಚೀನಾ, ಜಪಾನು, ಕುಮಾರಜೀವ ಒಬ್ಬರನ್ನೂ ಎತ್ತಲಿಲ್ಲ. "ಅವ್ವಾ, ಅಂದು ನೀವು ಕೇಳಿದಿರಿ. ಬಯಲಾದರು ಎಂದರೆ ಏನೂ ಉಳಿಯಲಿಲ್ಲ ಎಂದಲ್ಲ. ಈ ಮಡಿಗೂ ಆ ಮಡಿಗೂ ನಡುವಣ ಬದು ತೆಗೆದರೆ ಇದರ ನೀರು ಎಲ್ಲಿಗೆ ಹೋಯಿತು ಎಂದು ಕೇಳುತ್ತೇವೆಯೇ? ಹೋಗಿಲ್ಲ, ಬದು ಮಾತ್ರ ಹೋಯಿತು. ಯಜಮಾನರದೂ ಹಾಗೆ ಎಂದು ಹಿರಿಯರ ಅಭಿಪ್ರಾಯವೆಂದು ನನಗೆ ತೋರುತ್ತದೆ" ಎಂದೆ.

ಅವರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ, "ಸರಿ ಮೇಷ್ಟ್ರೇ, ಒಪ್ದೆ. ಆದ್ರೆ ಬದು ತೆಗ್ದ್‌ಮ್ಯಾಲೆ ಯಾವ್ದು ನಮ್ಮ ನೀರು ಅಂತ ಗುರ್ತ್ ಹಿಡಿಯೋದು ಹ್ಯಾಗೆ? ನಾನೂ ಹೋದಾಗ ಅವರ್ನ ಗುರ್ತ್ ಹಿಡೀಬೇಕಲ್ಲ" ಎಂದರು.

ಇದಕ್ಕೆ ನಾನು ಚೀನೀ ಕೋಶಗಳಲ್ಲಿಯೂ ಹುಡುಕಲಿಲ್ಲ, ಕನ್ನಡ ಕೋಶಗಳಲ್ಲಿಯೂ ಹುಡುಕಲಿಲ್ಲ. ಉತ್ತರ ಹೇಳುವ ಅಧಿಕಾರವೂ ನನಗಿಲ್ಲ. ಆ ತಾಯಿ ಇಂದು ಈ ಸಭೆಯಲ್ಲಿಯೇ, ತಾಯಂದಿರ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅನುಮತಿಯನ್ನು ಪಡೆದೇ ಇದನ್ನೆಲ್ಲ ಹೇಳಿದೆನು. ಪೂಜ್ಯ ಸ್ವಾಮಿಗಳವರ ಆಶೀರ್ವಚನ ಇನ್ನು ಮುಂದಿದೆ. ಅವರ ಪ್ರಶ್ನೆಯನ್ನು ಶ್ರೀಗಳವರ ಪಾದಗಳಲ್ಲಿಟ್ಟು ನಾನು ಕುಳಿತುಕೊಳ್ಳುತ್ತೇನೆ.